ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್: ಚಿಕಿತ್ಸೆಯ ಆಯ್ಕೆಗಳು ಮತ್ತು ಸಹರೋಗಿಗಳ ಸಲಹೆ

ಕತ್ತಿನಿಂದ ತೋಳಿಗೆ ಇಳಿಯುವ ನರಗಳು ಅಥವಾ ರಕ್ತನಾಳಗಳು ಕಾಲರ್ ಮೂಳೆ ಮತ್ತು ಮೊದಲ ಪಕ್ಕೆಲುಬಿನ ಆಸುಪಾಸಿನ ಇಕ್ಕಟ್ಟಿನಲ್ಲಿ ಒತ್ತಿಕೊಂಡಾಗ ಕಾಣಿಸಿಕೊಳ್ಳುವ ತೊಂದರೆಗಳನ್ನು ಒಟ್ಟಾಗಿ ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಎನ್ನುತ್ತಾರೆ. ಒತ್ತಡಕ್ಕೆ ಸಿಕ್ಕಿದ್ದು ನರವೇ, ಅಭಿಧಮನಿಯೇ, ಅಪಧಮನಿಯೇ ಎಂಬುದನ್ನು ನೋಡಿ ಇದನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಮೂರಕ್ಕೂ ಚಿಕಿತ್ಸೆ ಬೇರೆ, ಅವಸರವೂ ಬೇರೆ. ಕಾಯಿಲೆ ಬೇಗ ಪತ್ತೆಯಾಗದ ಕಾರಣ ರೋಗಿಗಳು ಒಬ್ಬರಿಗೊಬ್ಬರು ಕೊಡುವ ಸಲಹೆಗೆ ಇಲ್ಲಿ ಹೆಚ್ಚಿನ ಬೆಲೆಯಿದೆ. ಆದರೆ ಹೇಳುವವರದೂ ಕೇಳುವವರದೂ ಒಂದೇ ಬಗೆಯ ಕಾಯಿಲೆಯಾಗಿದ್ದರೆ ಮಾತ್ರ ಆ ಸಲಹೆ ಉಪಯೋಗಕ್ಕೆ ಬರುತ್ತದೆ.

ರಚನೆ ಮತ್ತು ಕಾರಣಗಳು

ಬೆನ್ನುಹುರಿಯಿಂದ ಹೊರಡುವ ಐದು ನರಬೇರುಗಳು ಸೇರಿ ಬ್ರೇಕಿಯಲ್ ಪ್ಲೆಕ್ಸಸ್ ಎಂಬ ನರಜಾಲವಾಗುತ್ತದೆ. ಈ ಜಾಲವೂ ಸಬ್‌ಕ್ಲೇವಿಯನ್ ಅಪಧಮನಿಯೂ ಕತ್ತಿನ ಎರಡು ಸ್ಕೇಲೀನ್ ಸ್ನಾಯುಗಳ ನಡುವೆ ನುಸುಳಿ ಬರುತ್ತವೆ. ಅಭಿಧಮನಿ ಮಾತ್ರ ಮುಂದಿನ ಸ್ಕೇಲೀನ್ ಸ್ನಾಯುವಿನ ಎದುರಿನಿಂದ ಹಾದುಹೋಗುತ್ತದೆ. ಮುಂದೆ ಮೂರೂ ಕಾಲರ್ ಮೂಳೆ ಮತ್ತು ಮೊದಲ ಪಕ್ಕೆಲುಬಿನ ಸಂದಿನಲ್ಲಿ ಸಾಗಿ, ಎದೆಯ ಪೆಕ್ಟೊರಾಲಿಸ್ ಮೈನರ್ ಸ್ನಾಯುವಿನ ಅಡಿಯಿಂದ ಕಂಕುಳಿಗೆ ಇಳಿಯುತ್ತವೆ. ಈ ಮೂರು ಕಡೆಗಳಲ್ಲಿ ಎಲ್ಲಿ ಬೇಕಾದರೂ ಒತ್ತಡ ಬೀಳಬಹುದು.

ಕೆಲವರಿಗೆ ಹುಟ್ಟಿನಿಂದಲೇ ಕತ್ತಿನಲ್ಲಿ ಒಂದು ಹೆಚ್ಚುವರಿ ಪಕ್ಕೆಲುಬು ಇರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ಜೀವಮಾನವಿಡೀ ಏನೂ ತೊಂದರೆಯಾಗುವುದಿಲ್ಲ. ವಾಹನ ಅಪಘಾತದಲ್ಲಿ ಕತ್ತು ಜರ್ಕಿಗೆ ಸಿಕ್ಕುವುದು, ಕೈಯೆತ್ತಿ ಮಾಡುವ ಕೆಲಸ, ಈಜು ಮತ್ತು ಎಸೆತದ ಆಟಗಳು, ಭುಜ ಜೋತುಬಿದ್ದ ಭಂಗಿ ಇತರ ಕಾರಣಗಳು.

ಇತಿಹಾಸ

1861ರಲ್ಲಿ ಲಂಡನ್ನಿನ ಹೋಮ್ಸ್ ಕೂಟ್ ಕತ್ತಿನ ಪಕ್ಕೆಲುಬನ್ನು ತೆಗೆದ ಶಸ್ತ್ರಚಿಕಿತ್ಸೆ ಈ ಕಾಯಿಲೆಯ ಮೊದಲ ದಾಖಲೆಗಳಲ್ಲಿ ಒಂದು. 1956ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ಪೀಟ್ ಮತ್ತು ಸಂಗಡಿಗರು ಈಗಿನ ಹೆಸರನ್ನು ಬಳಕೆಗೆ ತಂದರು. ಅವರ ಆ ಲೇಖನದ ವಿಷಯ ವ್ಯಾಯಾಮ ಚಿಕಿತ್ಸೆಯೇ ಆಗಿತ್ತು. 1966ರಲ್ಲಿ ಡೇವಿಡ್ ರೂಸ್ ಕಂಕುಳಿನ ಮೂಲಕ ಮೊದಲ ಪಕ್ಕೆಲುಬನ್ನು ತೆಗೆಯುವ ವಿಧಾನವನ್ನು ವಿವರಿಸಿದರು.

ಬಗೆಗಳು ಮತ್ತು ಲಕ್ಷಣಗಳು

ರೋಗಿಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಮಂದಿಗೆ ಇರುವುದು ನರದ ಬಗೆ. ಕತ್ತು, ಭುಜ, ತೋಳುಗಳಲ್ಲಿ ನೋವು, ಉಂಗುರ ಬೆರಳು ಮತ್ತು ಕಿರುಬೆರಳಿನಲ್ಲಿ ಜೋಮು, ಹಿಡಿತದಲ್ಲಿ ಬಲಹೀನತೆ ಇದರ ಲಕ್ಷಣಗಳು. ತಲೆ ಬಾಚುವಾಗ, ಹಗ್ಗದ ಮೇಲೆ ಬಟ್ಟೆ ಹರವುವಾಗ ನೋವು ಕೆರಳುತ್ತದೆ. ಅಭಿಧಮನಿಯ ಬಗೆಯಲ್ಲಿ ರಕ್ತ ಹೆಪ್ಪುಗಟ್ಟಿ ಇಡೀ ತೋಳು ಒಮ್ಮೆಲೇ ಊದಿಕೊಂಡು ನೀಲಿಗಟ್ಟುತ್ತದೆ. ಇದಕ್ಕೆ ಪ್ಯಾಜೆಟ್–ಶ್ರೋಟರ್ ಸಿಂಡ್ರೋಮ್ ಎಂಬ ಹೆಸರೂ ಇದೆ. ತೀರಾ ವಿರಳವಾದ ಅಪಧಮನಿಯ ಬಗೆಯಲ್ಲಿ ಕೈ ತಣ್ಣಗಾಗಿ ಬಿಳಿಚಿಕೊಳ್ಳುತ್ತದೆ, ಬೆರಳ ತುದಿಯಲ್ಲಿ ಹುಣ್ಣಾಗಬಹುದು. ಈ ಬಗೆಯಲ್ಲಿ ಹೆಚ್ಚಾಗಿ ಕತ್ತಿನ ಪಕ್ಕೆಲುಬು ಅಥವಾ ಬೇರೊಂದು ಮೂಳೆ ದೋಷ ಇರುತ್ತದೆ.

ಪತ್ತೆ

ನರದ ಬಗೆಯನ್ನು ಖಚಿತಪಡಿಸುವ ಒಂದೇ ಪರೀಕ್ಷೆ ಇಲ್ಲ. ರೂಸ್ ಪರೀಕ್ಷೆಯಲ್ಲಿ ರೋಗಿ ಎರಡೂ ತೋಳುಗಳನ್ನು ಭುಜದ ಮಟ್ಟಕ್ಕೆ ಎತ್ತಿ, ಮೊಣಕೈ ಮಡಿಸಿ, ಮೂರು ನಿಮಿಷ ಮುಷ್ಟಿಯನ್ನು ಕಟ್ಟುತ್ತ ಬಿಚ್ಚುತ್ತ ಇರಬೇಕು. ಕಾಯಿಲೆ ಇರುವ ಅನೇಕರ ಕೈ ಅವಧಿ ಮುಗಿಯುವ ಮೊದಲೇ ಸೋತು ಕೆಳಗೆ ಬೀಳುತ್ತದೆ. ಕತ್ತು ತಿರುಗಿಸಿದಾಗ ಮಣಿಕಟ್ಟಿನ ನಾಡಿ ನಿಲ್ಲುವುದೇ ಎಂದು ನೋಡುವ ಆಡ್ಸನ್ ಪರೀಕ್ಷೆಯನ್ನು ಒಂದನ್ನೇ ನಂಬುವಂತಿಲ್ಲ, ಏಕೆಂದರೆ ಆರೋಗ್ಯವಂತರಲ್ಲೂ ನಾಡಿ ಹಾಗೆ ನಿಲ್ಲುವುದುಂಟು. ಎಕ್ಸ್‌ರೇ, ಡಾಪ್ಲರ್ ಸ್ಕ್ಯಾನ್, ನರವಹನ ಪರೀಕ್ಷೆಗಳು ನೆರವಾಗುತ್ತವೆ. ಸ್ಕೇಲೀನ್ ಸ್ನಾಯುವಿಗೆ ಅರಿವಳಿಕೆ ಚುಚ್ಚಿದಾಗ ನೋವು ತಾತ್ಕಾಲಿಕವಾಗಿ ಇಳಿದರೆ ರೋಗನಿರ್ಣಯಕ್ಕೆ ಬಲ ಬರುತ್ತದೆ. ಕತ್ತಿನ ಡಿಸ್ಕ್ ತೊಂದರೆ, ಕಾರ್ಪಲ್ ಟನಲ್, ಶ್ವಾಸಕೋಶದ ತುದಿಯ ಗಡ್ಡೆ ಇವು ಯಾವುವೂ ಇಲ್ಲವೆಂದು ಮೊದಲು ಖಾತ್ರಿ ಮಾಡಿಕೊಳ್ಳಬೇಕು.

ಚಿಕಿತ್ಸೆ

ನರದ ಬಗೆಗೆ ಮೊದಲು ಫಿಸಿಯೋಥೆರಪಿ. ಭುಜದ ಹಲಗೆಯ ಚಲನೆ, ಉಸಿರಾಟ, ಕೂರುವ ಭಂಗಿಗಳನ್ನು ತಿದ್ದುತ್ತ, ಬಿಗಿದ ಸ್ನಾಯುಗಳನ್ನು ಸಡಿಲಿಸುತ್ತ ಕೆಲವು ತಿಂಗಳು ನಡೆಸಬೇಕಾದ ಚಿಕಿತ್ಸೆಯಿದು. ಜೊತೆಗೆ ನೋವುನಿವಾರಕಗಳನ್ನೂ ನರನೋವಿನ ಮಾತ್ರೆಗಳನ್ನೂ ಕೊಡುತ್ತಾರೆ. ಕೆಲವೆಡೆ ಬೊಟುಲಿನಂ ಚುಚ್ಚುಮದ್ದನ್ನೂ ಬಳಸುತ್ತಾರೆ, ಆದರೆ ಅದರ ಪರಿಣಾಮಕ್ಕೆ ಗಟ್ಟಿ ಆಧಾರವಿಲ್ಲ. ಈ ಚಿಕಿತ್ಸೆಗಳಿಂದ ಗುಣ ಕಾಣದಿದ್ದರೆ ಅಥವಾ ಅಂಗೈ ಸ್ನಾಯುಗಳು ಸೊರಗುತ್ತಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಮೊದಲ ಪಕ್ಕೆಲುಬು ಮತ್ತು ಸ್ಕೇಲೀನ್ ಸ್ನಾಯುಗಳನ್ನು ತೆಗೆಯುವುದು, ಬೇಕಿದ್ದರೆ ಪೆಕ್ಟೊರಾಲಿಸ್ ಮೈನರ್ ಸ್ನಾಯುವನ್ನು ಬಿಡಿಸುವುದು ಇದರ ಕ್ರಮ. ಶ್ವಾಸಕೋಶದ ಸುತ್ತ ಗಾಳಿ ತುಂಬುವುದು, ವಪೆಯ ನರಕ್ಕೆ ಪೆಟ್ಟು, ರಕ್ತಸ್ರಾವ, ಗಾಯದ ಕಲೆಗಟ್ಟಿ ನೋವು ಮರುಕಳಿಸುವುದು ಇದರ ಅಪಾಯಗಳು. ಶಸ್ತ್ರಚಿಕಿತ್ಸೆಯನ್ನೂ ಇತರ ಚಿಕಿತ್ಸೆಯನ್ನೂ ಹೋಲಿಸಿದ ಅಧ್ಯಯನಗಳು ಕಡಿಮೆ. 2014ರ ಕಾಕ್ರೇನ್ ಪರಿಶೀಲನೆ ಲಭ್ಯ ಪುರಾವೆ ಬಹಳ ದುರ್ಬಲವೆಂದು ಹೇಳಿತು. 2022ರಲ್ಲಿ ಪ್ರಕಟವಾದ, 50 ರೋಗಿಗಳ ಡಚ್ ಅಧ್ಯಯನದಲ್ಲಿ ಆಯ್ದ ರೋಗಿಗಳಿಗೆ ಶಸ್ತ್ರಚಿಕಿತ್ಸೆಯಿಂದ ಹೆಚ್ಚು ಅನುಕೂಲ ಕಂಡಿತು.

ಅಭಿಧಮನಿಯ ಬಗೆಯಲ್ಲಿ ಕಾಯುವಂತಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧವನ್ನು ತಕ್ಷಣ ಶುರುಮಾಡಿ, ಸಾಧ್ಯವಾದರೆ ಎರಡು ವಾರದೊಳಗೆ ಕ್ಯಾಥೆಟರ್ ಮೂಲಕ ಹೆಪ್ಪನ್ನು ಕರಗಿಸುತ್ತಾರೆ. ಬಳಿಕ ಪಕ್ಕೆಲುಬು ತೆಗೆಯುವುದು ರೂಢಿ. ಪಕ್ಕೆಲುಬು ಉಳಿದಿರುವಾಗ ಅಲ್ಲಿ ಸ್ಟೆಂಟ್ ಹಾಕಿದರೆ ಮೂಳೆಗಳ ನಡುವೆ ಜಜ್ಜಿ ಮುರಿಯುವ ಸಂಭವವಿದೆ. ಅಪಧಮನಿಯ ಬಗೆಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯೇ ದಾರಿ. ಮೂಳೆಯ ಒತ್ತಡ ತೆಗೆದು, ಕೆಟ್ಟ ನಾಳವನ್ನು ಸರಿಪಡಿಸುತ್ತಾರೆ.

ಸಹರೋಗಿಗಳ ಸಲಹೆ

ಇದನ್ನು ಅನುಭವಿಸಿದವರಿಂದ ಕಲಿಯುವುದು ಬಹಳಷ್ಟಿದೆ. ಕೈ ತಲೆಯ ಮೇಲಿಟ್ಟು ಮಲಗಬಾರದು, ನೋವಿರುವ ಭುಜಕ್ಕೆ ಚೀಲ ನೇತುಹಾಕಬಾರದು, ಕೀಬೋರ್ಡ್ ಬಳಸುವಾಗ ಮೊಣಕೈಗೆ ಆಸರೆ ಬೇಕು, ಯಾವ ಭಂಗಿಯಲ್ಲಿ ಜೋಮು ಬರುತ್ತದೆಂದು ಬರೆದಿಟ್ಟು ವೈದ್ಯರಿಗೆ ತೋರಿಸಬೇಕು ಎಂಬಂಥ ಮಾತುಗಳು ಅವರ ದಿನನಿತ್ಯದ ಅನುಭವದಿಂದ ಬಂದವು. ಶಸ್ತ್ರಚಿಕಿತ್ಸೆಗೆ ಮುನ್ನ ಏನು ಕೇಳಬೇಕೆಂಬುದನ್ನೂ ಅವರು ಚೆನ್ನಾಗಿ ಬಲ್ಲರು: ಈ ವೈದ್ಯರು ಇಂಥ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದ್ದಾರೆ, ಯಾವ ದಾರಿಯಿಂದ ಮಾಡುತ್ತಾರೆ, ಏಕೆ, ಕೆಲಸಕ್ಕೆ ಮರಳಲು ಎಷ್ಟು ಸಮಯ, ಗುಣವಾಗದಿದ್ದರೆ ಮುಂದೇನು?

ಆದರೆ ಒಬ್ಬರಿಗೆ ಒಗ್ಗಿದ ವ್ಯಾಯಾಮ ಇನ್ನೊಬ್ಬರ ನರವನ್ನು ಕೆರಳಿಸಬಹುದು. ಕೆರಳಿದ ನರವನ್ನು ಜೋರಾಗಿ ಎಳೆಯುವ ಸ್ಟ್ರೆಚಿಂಗ್, ಆರಂಭದಲ್ಲೇ ಭಾರ ಎತ್ತುವುದು ನೋವನ್ನು ಹೆಚ್ಚಿಸಬಹುದು. ಗುಣವಾದವರು ತಮ್ಮ ಕೆಲಸಕ್ಕೆ ಮರಳಿ ಸುಮ್ಮನಾಗುತ್ತಾರೆ. ನೋವು ಉಳಿದವರ ಮಾತೇ ಹೆಚ್ಚು ಕಿವಿಗೆ ಬೀಳುವುದರಿಂದ ಶಸ್ತ್ರಚಿಕಿತ್ಸೆಯ ಫಲ ಇರುವುದಕ್ಕಿಂತ ಕೆಟ್ಟದಾಗಿ ತೋರುವ ಸಾಧ್ಯತೆಯನ್ನು ನೆನಪಿಡಬೇಕು.

ತಡಮಾಡಿದರೆ ಆಗುವ ನಷ್ಟಕ್ಕೆ ಅಮೆರಿಕದ ಬೇಸ್‌ಬಾಲ್ ಎಸೆತಗಾರ ಜೆ. ಆರ್. ರಿಚರ್ಡ್ ಉದಾಹರಣೆ. 1980ರಲ್ಲಿ ತೋಳು ಸತ್ತಂತಾಗುತ್ತಿದೆ ಎಂದು ಅವರು ಹೇಳಿಕೊಂಡಾಗ ಅದನ್ನು ಸೋಮಾರಿತನ ಎಂದವರಿದ್ದರು. ಆ ವರ್ಷ ಜುಲೈ 30ರಂದು ಎಸೆತದ ಅಭ್ಯಾಸದಲ್ಲಿ ಅವರು ಕುಸಿದುಬಿದ್ದರು. ಅವರಿಗೆ ಪಾರ್ಶ್ವವಾಯು ಹೊಡೆದಿತ್ತು. ಅಪಧಮನಿಯ ಬಗೆಯ ಕಾಯಿಲೆ ಅವರಿಗಿದ್ದುದು ಆಮೇಲೆ ಸ್ಪಷ್ಟವಾಯಿತು. ಮೇಜರ್ ಲೀಗ್‌ನಲ್ಲಿ ಅವರು ಮತ್ತೆ ಆಡಲಿಲ್ಲ.

ಹಾಗಾಗಿ ಸಹರೋಗಿ ಕೇಳಬೇಕಾದ ಮೊದಲ ಪ್ರಶ್ನೆ ‘ನಿಮ್ಮದು ಯಾವ ಬಗೆ?’ ಎಂಬುದು. ತೋಳು ಒಮ್ಮೆಲೇ ಊದಿದರೆ, ನೀಲಿಗಟ್ಟಿದರೆ, ಕೈ ತಣ್ಣಗಾಗಿ ಬಿಳಿಚಿಕೊಂಡರೆ ಕೊಡಬಹುದಾದ ಸರಿಯಾದ ಸಲಹೆ ಒಂದೇ: ಇಂದೇ ಆಸ್ಪತ್ರೆಗೆ ಹೋಗಿ. ನರದ ಬಗೆಯೆಂದು ವೈದ್ಯರು ಖಚಿತಪಡಿಸಿದ್ದರೆ ಫಿಸಿಯೋಥೆರಪಿಗೆ ಸಾಕಷ್ಟು ಕಾಲ ಕೊಟ್ಟು, ಕೈಯ ಬಲ ಕುಂದುತ್ತಿಲ್ಲವೇ ಎಂದು ಗಮನಿಸುತ್ತ, ಶಸ್ತ್ರಚಿಕಿತ್ಸೆಯ ತೀರ್ಮಾನವನ್ನು ಅವಸರವಿಲ್ಲದೆ ತೆಗೆದುಕೊಳ್ಳಬಹುದು.