ಇರುವೆ ನಡಿಗೆಯ ಉಪಗ್ರಹಗಳು

ಆಸ್ಟ್ರೇಲಿಯಾ ಅಂದ ಕೂಡಲೆ ಊರಿನ ಕಡೆಯವರು ಕ್ರಿಕೆಟ್ಟು, ಕಾಂಗರೂ ಅಂತಾರೆ. ಅಡಿಲೇಡಿನಲ್ಲಿ ಕೂತಿರೋ ನನಗೆ ನೆನಪಾಗೋದು ಇಲ್ಲಿಂದ ವಾಯವ್ಯಕ್ಕೆ ಸುಮಾರು 450 ಕಿ.ಮೀ. ದೂರದ ವೂಮೆರಾ. ಈಟಿಯನ್ನು ದೂರಕ್ಕೆ ಎಸೆಯಲು ಇಲ್ಲಿನ ಮೂಲನಿವಾಸಿಗಳು ಬಳಸುವ ಕೋಲಿನ ಹೆಸರದು. 2010ರ ಜೂನ್ 13ರ ರಾತ್ರಿ ಆ ಬಯಲಿಗೆ 40 ಸೆಂ.ಮೀ. ಅಗಲದ ಒಂದು ಡಬ್ಬಿ ಪ್ಯಾರಾಚೂಟಿನಲ್ಲಿ ಇಳಿಯಿತು. ಒಳಗಿದ್ದದ್ದು ಇಟೊಕಾವಾ ಅನ್ನೋ ಕ್ಷುದ್ರಗ್ರಹದ ಧೂಳು. ತಂದದ್ದು ಜಪಾನಿನ ಹಯಾಬುಸಾ ನೌಕೆ. ಡಬ್ಬಿಯನ್ನು ತಲುಪಿಸಿದ ನೌಕೆ ಆಕಾಶದಲ್ಲೇ ಉರಿದುಹೋಯಿತು.

ಆ ನೌಕೆಯ ಬಗ್ಗೆ ಜಪಾನಿನಲ್ಲಿ ಸಿನಿಮಾಗಳೇ ಬಂದವು. ನಾನು ಹೇಳಹೊರಟಿರೋದು ಅದರ ಜತೆ ಹೋಗಿ ವಾಪಸ್ ಬಾರದ ಪುಟ್ಟ ಮಿನರ್ವಾ ಬಗ್ಗೆ. ಅದಕ್ಕೆ ಸ್ವಲ್ಪ ಲೆಕ್ಕ ಬೇಕು, ಹೆದರಬೇಡಿ.

ಭೂಮಿಯನ್ನು ಸುತ್ತುವ ಬಾಹ್ಯಾಕಾಶ ನಿಲ್ದಾಣ ಸೆಕೆಂಡಿಗೆ 7.7 ಕಿ.ಮೀ. ಓಡುತ್ತೆ, ಒಂದೂವರೆ ಗಂಟೆಯಲ್ಲಿ ಒಂದು ಸುತ್ತು. ಇಟೊಕಾವಾದ ಉದ್ದ ಬರೀ 535 ಮೀಟರು. ಅದರ ಮಧ್ಯದಿಂದ ಒಂದು ಕಿ.ಮೀ. ದೂರದಲ್ಲಿ ಸುತ್ತಬೇಕಾದರೆ ಸೆಕೆಂಡಿಗೆ ಸುಮಾರು 5 ಸೆಂ.ಮೀ. ಸಾಕು. ಇರುವೆ ನಡಿಗೆ! ಒಂದು ಸುತ್ತಿಗೆ ಒಂದೂವರೆ ದಿನ. ಎಳೆತ ಇಷ್ಟು ಕಮ್ಮಿ ಇರುವಾಗ ಬಿಸಿಲಿನ ಒತ್ತಡವೇ ನೌಕೆಯನ್ನು ಪಕ್ಕಕ್ಕೆ ತಳ್ಳಿಬಿಡುತ್ತೆ. ಹಾಗಾಗಿ ಹಯಾಬುಸಾ ಇಟೊಕಾವಾವನ್ನು ಸುತ್ತಲಿಲ್ಲ. ಪಕ್ಕದಲ್ಲೇ ತೇಲುತ್ತಾ ಜತೆಗೆ ಸಾಗಿತು.

2005ರ ನವೆಂಬರ್ 12ರಂದು ಹಯಾಬುಸಾ ತನ್ನ ಹೊಟ್ಟೆಯಿಂದ ಮಿನರ್ವಾವನ್ನು ಬಿಟ್ಟಿತು. ತೂಕ 591 ಗ್ರಾಂ, ನೆಲದ ಮೇಲೆ ಕುಪ್ಪಳಿಸಬೇಕಿದ್ದ ಯಂತ್ರ. ಭೂಮಿಯಿಂದ ಆಜ್ಞೆ ತಲುಪಲು ಕಾಲು ಗಂಟೆಗೂ ಹೆಚ್ಚು ಬೇಕಿತ್ತು. ಅದು ತಲುಪುವಷ್ಟರಲ್ಲಿ ನೌಕೆ ತಾನಾಗಿ ಮೇಲಕ್ಕೇಳುತ್ತಿತ್ತು. ಅಲ್ಲಿಂದ ತಪ್ಪಿಸಿಕೊಳ್ಳಲು ಸೆಕೆಂಡಿಗೆ ಒಂದು ಗೇಣಿನಷ್ಟು ವೇಗವೂ ಬೇಡ. ನೌಕೆಯ ವೇಗವೇ ಮಿನರ್ವಾಗೂ ಬಂತು, ಅದು ನೆಲ ಮುಟ್ಟದೆ ಹೊರಟೇಹೋಯಿತು.

ಸರಿಯಾಗಿ ಒಂಬತ್ತು ವರ್ಷದ ಮೇಲೆ, 2014ರ ನವೆಂಬರ್ 12ಕ್ಕೆ, ಯುರೋಪಿನ ರೊಸೆಟ್ಟಾ ನೌಕೆ ಒಂದು ಧೂಮಕೇತುವಿನ ಮೇಲೆ ಫಿಲೇ ಎಂಬ ಯಂತ್ರವನ್ನು ಇಳಿಸಿತು. ರೊಸೆಟ್ಟಾ ಜತೆ ಮಾತಾಡುತ್ತಿದ್ದ ಕೇಂದ್ರಗಳಲ್ಲಿ ಪರ್ತ್‌ನ ಉತ್ತರಕ್ಕಿರುವ ನ್ಯೂ ನಾರ್ಸಿಯಾ ಮುಖ್ಯವಾದದ್ದು. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ 32 ಮೀಟರಿನ ದೊಡ್ಡ ಆಂಟೆನಾ ನೋಡಿದ್ದೀರಲ್ಲ, ಇಲ್ಲಿನದು 35 ಮೀಟರು. ಫಿಲೇಯ ಕೊಕ್ಕೆಗಳು ನೆಲಕ್ಕೆ ನಾಟಲೇ ಇಲ್ಲ. ಅದು ಸೆಕೆಂಡಿಗೆ 38 ಸೆಂ.ಮೀ. ವೇಗದಲ್ಲಿ ಪುಟಿದು, ಸುಮಾರು ಎರಡು ಗಂಟೆ ಮೇಲೆಯೇ ಇತ್ತು. ಆದರೆ ಇದು ನಾಲ್ಕು ಕಿ.ಮೀ. ಉದ್ದದ ಬಂಡೆ, ಅದರ ಹಿಡಿತ ಬಿಡಿಸಿಕೊಳ್ಳಲು ಆ ವೇಗ ಸಾಲಲಿಲ್ಲ. ಫಿಲೇ ಮತ್ತೆ ಕೆಳಗೆ ಬಿತ್ತು. ಮಿನರ್ವಾಗಿಂತ ಎರಡು ಪಟ್ಟು ಜೋರಾಗಿ ಎದ್ದದ್ದು ವಾಪಸ್ ಬಂತು, ಮೆಲ್ಲಗೆ ಹೊರಟದ್ದು ಬರಲಿಲ್ಲ!

ಅಲ್ಲಿ ಸೆಂಟಿಮೀಟರು ಲೆಕ್ಕವಾದರೆ, ಮನೆಗೆ ಬರುವಾಗ ಕಿಲೋಮೀಟರು. ಹಯಾಬುಸಾ ಡಬ್ಬಿ ಗಾಳಿಗೆ ಬಡಿದದ್ದು ಸೆಕೆಂಡಿಗೆ 12 ಕಿ.ಮೀ. ವೇಗದಲ್ಲಿ. ಆಗ ಏಳುವ ಬಿಸಿ ಹೇಗೆ ಬೆಳಗುತ್ತೆ ಅಂತ ಮುಂಚೆಯೇ ತಿಳಿಯಲು ಬ್ರಿಸ್ಬೇನಿನ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಎಕ್ಸ್2 ಸುರಂಗದಲ್ಲಿ ಪ್ರಯೋಗ ನಡೆಸಿದ್ದರು.

ಜಪಾನಿನವರು ಮಿನರ್ವಾವನ್ನು ಮರೆಯಲಿಲ್ಲ. ಹಯಾಬುಸಾ-2 ನೌಕೆ 2018ರ ಸೆಪ್ಟೆಂಬರಿನಲ್ಲಿ ರ್‍ಯುಗು ಕ್ಷುದ್ರಗ್ರಹದ ಮೇಲೆ ಅದೇ ಹೆಸರಿನ ಎರಡು ಯಂತ್ರಗಳನ್ನು ಇಳಿಸಿತು. ಅವು ಕುಪ್ಪಳಿಸಿದವು, ಫೋಟೋ ಕಳಿಸಿದವು. ಮೂರನೆಯದು ಬಿಡುವ ಮೊದಲೇ ಕೆಟ್ಟಿತ್ತು. ಹಾಗಂತ ಎಸೆದುಬಿಡಲಿಲ್ಲ. 2019ರಲ್ಲಿ ಮೊದಲು ಎರಡು ಗುರುತಿನ ಚೆಂಡುಗಳನ್ನು, ಆಮೇಲೆ ಅಕ್ಟೋಬರಿನಲ್ಲಿ ಇದನ್ನು, ರ್‍ಯುಗುವಿನ ಸುತ್ತ ತಿರುಗಲು ಬಿಟ್ಟರು. ನೆಲದಿಂದ ಒಂದು ಕಿ.ಮೀ. ಎತ್ತರದಲ್ಲಿ, ಸೆಕೆಂಡಿಗೆ ಸುಮಾರು 14 ಸೆಂ.ಮೀ. ವೇಗ. ಅಂಬೆಗಾಲಿಡೋ ಮಗು ಇದಕ್ಕಿಂತ ಬೇಗ ಹೋಗುತ್ತೆ. ಅದು ಸುತ್ತುವ ದಾರಿ ಎಲ್ಲೆಲ್ಲಿ ಬಾಗುತ್ತೆ ಅಂತ ನೋಡಿಯೇ ರ್‍ಯುಗುವಿನ ಗುರುತ್ವವನ್ನು ಅಳೆದರು. 2005ರಲ್ಲಿ ಕೆಲಸ ಕೆಡಿಸಿದ್ದೂ ಕೆಲವು ಸೆಂಟಿಮೀಟರಿನ ವೇಗವೇ. ಈ ಸಲ ಅದನ್ನೇ ಬೇಕಂತ ಕೊಟ್ಟು, ಕೆಟ್ಟ ಯಂತ್ರದಿಂದಲೂ ಕೆಲಸ ತೆಗೆಸಿದರು.

ರ್‍ಯುಗುವಿನ 5.4 ಗ್ರಾಂ ಮಣ್ಣು 2020ರ ಡಿಸೆಂಬರ್ 6ಕ್ಕೆ ಮತ್ತೆ ನಮ್ಮ ವೂಮೆರಾಕ್ಕೇ ಬಂತು. ಒಂದು ಚಮಚದಷ್ಟು, ಅಷ್ಟೇ. ಮೊದಲ ಮಿನರ್ವಾ ಮಾತ್ರ ಈಗಲೂ ಸೂರ್ಯನ ಸುತ್ತ ಎಲ್ಲೋ ತಿರುಗುತ್ತಿದೆ.