ಯಂತ್ರಗಳ ನಾಡಿ ಹಿಡಿಯುವವರು

ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದವರು ಡಾಕ್ಟರನ್ನು ನೆನೆಯುತ್ತಾರೆ. ನಡುರಾತ್ರಿ ಬಂದು ಡ್ರಿಪ್ ಬದಲಿಸಿದ ನರ್ಸಮ್ಮನನ್ನೂ ನೆನೆಯುತ್ತಾರೆ. ಹಾಸಿಗೆಯ ಪಕ್ಕದಲ್ಲಿ ಬೀಪ್ ಬೀಪ್ ಎನ್ನುತ್ತಿದ್ದ ಯಂತ್ರವೂ ಕೆಲವರ ನೆನಪಿನಲ್ಲಿ ಉಳಿದಿರಬಹುದು. ಆದರೆ ಆ ಯಂತ್ರ ಅಂದು ಸರಿಯಾಗಿ ನಡೆಯುವಂತೆ ನೋಡಿಕೊಂಡವರು ಯಾರು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಅವರ ಕೋಣೆ ಸುಲಭವಾಗಿ ಸಿಗುವುದಿಲ್ಲ.

ಈಚೆಗೆ ಬೇರೊಂದು ಸುದ್ದಿಯ ಸಲುವಾಗಿ ಜಿಲ್ಲಾ ಆಸ್ಪತ್ರೆಯೊಂದಕ್ಕೆ ಹೋಗಿದ್ದಾಗ ನನಗೆ ಅಂಥ ಒಂದು ಕೋಣೆ ಕಂಡಿತು. ಜನರೇಟರ್ ಶೆಡ್ಡಿನ ಪಕ್ಕ, ಒಂದೇ ಕಿಟಕಿಯ ಕೋಣೆ. ಮೇಜಿನ ಮೇಲೆ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಬಿಚ್ಚಿಟ್ಟ ಸಕ್ಷನ್ ಯಂತ್ರ. ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್ ಕೆಲಸ ಕಲಿತ ನಡುವಯಸ್ಸಿನವರೊಬ್ಬರು ಅಲ್ಲಿದ್ದರು. ಮಾತು ಶುರುವಾಗುವಷ್ಟರಲ್ಲಿ ನವಜಾತ ಶಿಶುಗಳ ವಾರ್ಡಿನ ನರ್ಸೊಬ್ಬರು ಬಾಗಿಲಿಗೆ ಬಂದು, 'ಅಣ್ಣಾ, ಮೂರನೇ ವಾರ್ಮರ್ ಮತ್ತೆ ಕೂಗ್ತಾ ಇದೆ, ಬೇಗ ಬನ್ನಿ' ಎಂದರು. ವಾರ್ಮರ್ ಎಂದರೆ ತೂಕ ಕಡಿಮೆಯಿರುವ ಶಿಶುವನ್ನು ಬೆಚ್ಚಗಿಡುವ ಯಂತ್ರ. ಮಗುವನ್ನು ಆಗಲೇ ಪಕ್ಕದ ವಾರ್ಮರಿಗೆ ಸಾಗಿಸಿದ್ದರು. ಮಗುವಿನ ಮೈಯ ಬಿಸಿ ಅಳೆಯಲು ಚರ್ಮಕ್ಕೆ ಅಂಟಿಸುವ ಸೆನ್ಸರಿನ ತಂತಿ ಒಳಗೇ ತುಂಡಾಗಿತ್ತು. ಇಪ್ಪತ್ತು ನಿಮಿಷದಲ್ಲಿ ಸೆನ್ಸರ್ ಬದಲಾಯಿತು, ಕೂಗು ನಿಂತಿತು. ಮೆಕ್ಯಾನಿಕ್ ಕೋಣೆಗೆ ಮರಳಿ ರಿಜಿಸ್ಟರಿನಲ್ಲಿ ಒಂದು ಸಾಲು ಬರೆದರು. ಅಷ್ಟೇ.

ಇಂಥವರು ಆಸ್ಪತ್ರೆಯೊಳಗೆ ಬಂದದ್ದು ಯಾವಾಗ? ವೈದ್ಯಶಾಸ್ತ್ರದ ಚರಿತ್ರೆಯನ್ನು ತಿರುವಿ ಹಾಕಿದರೆ, ವಿದ್ಯುತ್ ಯಂತ್ರಗಳು ಬಂದ ಮೊದಲ ದಿನಗಳಿಂದಲೂ ಅವರು ಅಲ್ಲಿದ್ದಾರೆ. ಸಂಶೋಧಕರ ಹೆಸರಿನ ನೆರಳಿನಲ್ಲಿ ಇದ್ದಾರೆ, ಅಷ್ಟೇ ವ್ಯತ್ಯಾಸ.

ಕೈ ಕಳೆದುಕೊಂಡ ಸಹಾಯಕ

ಜರ್ಮನಿಯ ವಿಲ್ಹೆಲ್ಮ್ ರಾಂಟ್ಜೆನ್ 1895ರ ನವೆಂಬರಿನಲ್ಲಿ ಕ್ಷ-ಕಿರಣಗಳನ್ನು ಕಂಡುಹಿಡಿದರು. ಮುಂದಿನ ವರ್ಷವೇ ವೈದ್ಯರು ಮುರಿದ ಮೂಳೆ, ಹೊಕ್ಕ ಗುಂಡು ಹುಡುಕಲು ಅದನ್ನು ಬಳಸತೊಡಗಿದರು. ಆ ಯಂತ್ರ ಇಂದಿನಂತೆ ಗುಂಡಿ ಒತ್ತಿದರೆ ನಡೆಯುವಂಥದ್ದಲ್ಲ. ಗಾಜಿನ ಕೊಳವೆ ಊದಬೇಕು, ಅದರೊಳಗಿನ ಗಾಳಿ ತೆಗೆಯಬೇಕು, ಕಿರಣ ಸರಿಯಾಗಿ ಬರುತ್ತಿದೆಯೇ ಎಂದು ಪರೀಕ್ಷಿಸಬೇಕು. ಪರೀಕ್ಷೆಗೆ ಆಗ ಇದ್ದ ಸುಲಭ ಉಪಾಯ ಒಂದೇ: ತಮ್ಮದೇ ಕೈಯನ್ನು ಅಡ್ಡ ಹಿಡಿದು, ಮೂಳೆ ಕಾಣುತ್ತದೆಯೇ ಎಂದು ನೋಡುವುದು.

ಅಮೆರಿಕದಲ್ಲಿ ಥಾಮಸ್ ಎಡಿಸನ್ನರ ಪ್ರಯೋಗಾಲಯದಲ್ಲಿ ಈ ಕೆಲಸ ಮಾಡುತ್ತಿದ್ದವನು ಗಾಜು ಊದುವ ಕಸುಬುದಾರ ಕ್ಲಾರೆನ್ಸ್ ಡ್ಯಾಲಿ. ದಿನವೂ ಕಿರಣಕ್ಕೆ ಒಡ್ಡಿದ ಅವನ ಕೈಗಳು ಮೊದಲು ಸುಟ್ಟಂತಾದವು, ಆಮೇಲೆ ಹುಣ್ಣಾದವು, ಹುಣ್ಣು ಕ್ಯಾನ್ಸರಾಯಿತು. ಎರಡೂ ತೋಳುಗಳನ್ನು ಕತ್ತರಿಸಿದರೂ ಅವನು ಉಳಿಯಲಿಲ್ಲ. 1904ರಲ್ಲಿ, 39ನೇ ವಯಸ್ಸಿನಲ್ಲಿ, ಸತ್ತ. ಎಡಿಸನ್ ಕ್ಷ-ಕಿರಣದ ಕೆಲಸವನ್ನೇ ಕೈಬಿಟ್ಟರು. 1936ರಲ್ಲಿ ಹ್ಯಾಂಬರ್ಗ್ ನಗರದ ಆಸ್ಪತ್ರೆಯೊಂದರ ಆವರಣದಲ್ಲಿ ಇಂಥ ಕಿರಣಗಳಿಗೆ ಬಲಿಯಾದವರ ಸ್ಮಾರಕವನ್ನು ನಿಲ್ಲಿಸಿದಾಗ ಅದರ ಮೇಲೆ 169 ಹೆಸರುಗಳಿದ್ದವು. ವೈದ್ಯರ, ವಿಜ್ಞಾನಿಗಳ ಜೊತೆಗೆ ತಂತ್ರಜ್ಞರ, ದಾದಿಯರ ಹೆಸರುಗಳೂ ಅದರಲ್ಲಿವೆ.

ಇದೇ ಕಾಲದಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ವಿಲ್ಲೆಮ್ ಐಂತೋವನ್ ಹೃದಯದಲ್ಲಿ ಹುಟ್ಟುವ ವಿದ್ಯುತ್ತನ್ನು ಬರೆದಿಡುವ ಯಂತ್ರ ಕಟ್ಟಿದರು. ಇಂದಿನ ಇಸಿಜಿಯ ಮುತ್ತಜ್ಜ ಅದು. ತೂಕ ಸುಮಾರು 270 ಕೆ.ಜಿ., ನಡೆಸಲು ಐದು ಜನ ಬೇಕು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕು. ಯಂತ್ರದ ಜೀವಾಳವಾದ ಕ್ವಾರ್ಟ್ಜ್ ಎಳೆಯೋ ಕೂದಲಿಗಿಂತ ಬಹಳ ತೆಳು. ಕರಗಿಸಿದ ಕ್ವಾರ್ಟ್ಜನ್ನು ಬಾಣಕ್ಕೆ ಅಂಟಿಸಿ, ಬಾಣವನ್ನು ಹಾರಿಸಿ ಆ ಎಳೆ ತೆಗೆಯುತ್ತಿದ್ದರು. ಯಂತ್ರವನ್ನು ಆಸ್ಪತ್ರೆಗೆ ಸಾಗಿಸುವಂತಿರಲಿಲ್ಲ. ಹಾಗಾಗಿ 1905ರಲ್ಲಿ ಸುಮಾರು ಒಂದೂವರೆ ಕಿ.ಮೀ. ದೂರದ ಆಸ್ಪತ್ರೆಯಿಂದ ರೋಗಿಯ ಎದೆಬಡಿತವನ್ನೇ ಟೆಲಿಫೋನ್ ತಂತಿಯ ಮೂಲಕ ಪ್ರಯೋಗಾಲಯಕ್ಕೆ ತರಿಸಿಕೊಂಡರು.

ಐಂತೋವನ್‌ಗೆ 1924ರಲ್ಲಿ ನೊಬೆಲ್ ಬಹುಮಾನ ಬಂತು. ಯಂತ್ರ ಕಟ್ಟುವಾಗ ಜೊತೆಗೆ ದುಡಿದ ಸಹಾಯಕನಿಗೆ ಹಣದ ಅರ್ಧ ಸೇರಬೇಕೆಂದು ಅವರು ಹುಡುಕಿಸಿದರೆಂದೂ, ಅವನು ತೀರಿಹೋಗಿದ್ದನೆಂದೂ, ಬಡತನದಲ್ಲಿದ್ದ ಅವನ ಇಬ್ಬರು ಸೋದರಿಯರಿಗೆ ಆ ಪಾಲು ತಲುಪಿಸಿದರೆಂದೂ ಹೃದ್ರೋಗ ತಜ್ಞರು ಇಂದಿಗೂ ಹೇಳಿಕೊಂಡು ಬರುತ್ತಾರೆ. ಯಂತ್ರ ಒಬ್ಬರಿಂದಲೇ ಆಗಲಿಲ್ಲ ಎಂಬ ಅರಿವು ಆ ವಿಜ್ಞಾನಿಗಿತ್ತು.

ಯಂತ್ರವಿದ್ದಲ್ಲಿಗೆ ರೋಗಿ ಬರಲಾಗದಿದ್ದರೆ? ಮೊದಲ ಮಹಾಯುದ್ಧ ಈ ಪ್ರಶ್ನೆ ಕೇಳಿತು. 1914ರಲ್ಲಿ ಮೇರಿ ಕ್ಯೂರಿ ಮೋಟಾರು ಗಾಡಿಗಳಲ್ಲಿ ಎಕ್ಸ್-ರೇ ಯಂತ್ರ ಕೂರಿಸಿ ಫ್ರಾನ್ಸಿನ ರಣರಂಗದತ್ತ ಹೊರಟರು. ವಿದ್ಯುತ್ತಿಗೆ ಗಾಡಿಯ ಎಂಜಿನ್ನಿನಿಂದಲೇ ತಿರುಗುವ ಡೈನಮೊ. ದಾರಿಯಲ್ಲಿ ಕೆಟ್ಟರೆ ರಿಪೇರಿ ಮಾಡುವವರು ಯಾರು? ಎರಡು ನೊಬೆಲ್ ಪಡೆದಿದ್ದ ಕ್ಯೂರಿ ಗಾಡಿ ಓಡಿಸುವುದನ್ನೂ, ಅದನ್ನು ರಿಪೇರಿ ಮಾಡುವುದನ್ನೂ ಕಲಿತರು. ಎಕ್ಸ್-ರೇ ಯಂತ್ರ ನಡೆಸಲು ಸುಮಾರು 150 ಮಹಿಳೆಯರಿಗೆ ತರಬೇತಿ ಕೊಟ್ಟರು.

ರಿಪೇರಿ ಅಂಗಡಿಯಿಂದ ಬಂದ ಪೆಟ್ಟಿಗೆ

ಆಸ್ಪತ್ರೆಯ ಯಂತ್ರ ರಿಪೇರಿಯೇ ಒಂದು ಪ್ರತ್ಯೇಕ ಕಸುಬಾದ ಕಥೆಗೆ ಅಮೆರಿಕದ ಮಿನಿಯಾಪೊಲಿಸ್ ನಗರಕ್ಕೆ ಹೋಗಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿನ ಆಸ್ಪತ್ರೆಗಳಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳು ಹೆಚ್ಚತೊಡಗಿದ್ದವು. ಕೆಟ್ಟರೆ ನೋಡುವವರಿರಲಿಲ್ಲ. ಅರ್ಲ್ ಬ್ಯಾಕನ್ ಎಂಬ ಎಂಜಿನಿಯರಿಂಗ್ ವಿದ್ಯಾರ್ಥಿಯ ಹೆಂಡತಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದರು. ಹೆಂಡತಿಯನ್ನು ಕರೆದೊಯ್ಯಲು ಹೋದಾಗಲೆಲ್ಲ, 'ಇದೊಂದು ನೋಡಿಕೊಡಪ್ಪಾ' ಎಂದು ಅಲ್ಲಿನವರು ಕೆಟ್ಟ ಯಂತ್ರಗಳನ್ನು ಮುಂದಿಡುತ್ತಿದ್ದರು. 1949ರಲ್ಲಿ ಬ್ಯಾಕನ್ ತನ್ನ ಷಡ್ಡಕನ ಜೊತೆ ಸೇರಿ ಗ್ಯಾರೇಜೊಂದರಲ್ಲಿ ಅಂಗಡಿ ತೆರೆದ. ಮೊದಲ ತಿಂಗಳ ಸಂಪಾದನೆ 8 ಡಾಲರ್. ಇಂದು ಜಗತ್ತಿನ ಅತಿ ದೊಡ್ಡ ವೈದ್ಯಕೀಯ ಉಪಕರಣ ಕಂಪನಿಗಳಲ್ಲಿ ಒಂದಾದ ಮೆಡ್‌ಟ್ರಾನಿಕ್ ಹುಟ್ಟಿದ್ದು ಆ ಗ್ಯಾರೇಜಿನಲ್ಲಿ.

ಅದೇ ಊರಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಾ. ವಾಲ್ಟನ್ ಲಿಲ್ಲೆಹೈ ಮಕ್ಕಳ ಹೃದಯ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಚಿಕಿತ್ಸೆಯ ನಂತರ ಕೆಲವು ಮಕ್ಕಳ ಹೃದಯ ತಾಳ ತಪ್ಪುತ್ತಿತ್ತು. ಆಗ ತಂತಿಯ ಮೂಲಕ ಸಣ್ಣ ವಿದ್ಯುತ್ ಕೊಟ್ಟು ಹೃದಯವನ್ನು ಬಡಿಸಬೇಕು. ಆ ಯಂತ್ರ ಗೋಡೆಯ ಪ್ಲಗ್ಗಿನಿಂದ ನಡೆಯುವಂಥದ್ದು. ತಂತಿ ಎಷ್ಟುದ್ದವೋ ಮಗುವಿನ ಲೋಕ ಅಷ್ಟುದ್ದ. 1957ರ ಅಕ್ಟೋಬರ್ 31ರಂದು ಊರಿನಲ್ಲಿ ಕರೆಂಟು ಹೋಯಿತು. ಬ್ಯಾಕನ್ ಮುಂದೆ ನೆನಪಿಸಿಕೊಂಡಂತೆ ಆ ಕತ್ತಲಲ್ಲಿ ಒಂದು ಮಗು ಸತ್ತಿತು.

ಲಿಲ್ಲೆಹೈ ತಮ್ಮ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಬ್ಯಾಕನ್‌ನನ್ನೇ ಕೇಳಿದರು, ಬ್ಯಾಟರಿಯಿಂದ ನಡೆಯುವುದೊಂದು ಮಾಡಲಾದೀತೇ ಎಂದು. ಸಂಗೀತಗಾರರು ತಾಳ ಹಿಡಿಯಲು ಬಳಸುವ ಮೆಟ್ರೊನೋಮ್ ಉಪಕರಣದ ಸರ್ಕಿಟ್ಟೊಂದು ಹವ್ಯಾಸಿಗಳ ಎಲೆಕ್ಟ್ರಾನಿಕ್ಸ್ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಎರಡು ಟ್ರಾನ್ಸಿಸ್ಟರಿನ ಆ ಸರ್ಕಿಟ್ಟನ್ನು ಬದಲಿಸಿ, ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆಯೊಂದನ್ನು ಬ್ಯಾಕನ್ ನಾಲ್ಕು ವಾರದಲ್ಲಿ ಮಾಡಿದ. ಪ್ರಾಣಿಗಳ ಮೇಲೆ ಪರೀಕ್ಷಿಸಲೆಂದು ಅದನ್ನು ಆಸ್ಪತ್ರೆಗೆ ಕೊಟ್ಟುಬಂದ. ಮಾರನೆಯ ದಿನ ಹೋದರೆ ಆ ಪೆಟ್ಟಿಗೆ ಒಂದು ಮಗುವಿನ ಹೃದಯವನ್ನು ಬಡಿಸುತ್ತಿತ್ತು. ಇಂಥದ್ದು ಕೈಯಲ್ಲಿರುವಾಗ ಇನ್ನೊಂದು ಮಗುವನ್ನು ಕಳೆದುಕೊಳ್ಳಲು ಡಾಕ್ಟರಿಗೆ ಮನಸ್ಸಿರಲಿಲ್ಲ.

ಕಾಣದ ಕರೆಂಟು

ಯಂತ್ರಗಳು ಹೆಚ್ಚಿದಂತೆ ಹೊಸ ಅಪಾಯವೂ ಬಂತು. ನಮ್ಮ ಚರ್ಮ ವಿದ್ಯುತ್ತಿಗೆ ಸಾಕಷ್ಟು ತಡೆ ಒಡ್ಡುತ್ತದೆ. ಆದರೆ ಹೃದಯದೊಳಗೆ ನಳಿಕೆಯನ್ನೋ ತಂತಿಯನ್ನೋ ಹಾಕಿದ ರೋಗಿಗೆ ಆ ರಕ್ಷಣೆ ಇಲ್ಲ. ಕೈಗೆ ತಾಗಿದರೆ ಗೊತ್ತೇ ಆಗದಷ್ಟು ಸಣ್ಣ ಸೋರಿಕೆ ಅವನ ಹೃದಯವನ್ನು ನಿಲ್ಲಿಸಬಲ್ಲದು. ಹೃದಯಕ್ಕೆ ನೇರ ಸಂಪರ್ಕವಿರುವ ಉಪಕರಣಗಳಲ್ಲಿ ಸಾಮಾನ್ಯ ಸ್ಥಿತಿಯಲ್ಲಿ ಸೋರಿಕೆ 10 ಮೈಕ್ರೊ ಆಂಪಿಯರ್ ಮೀರಬಾರದೆಂಬ ನಿಯಮ ಬಂದದ್ದು ಇದರಿಂದಲೇ. ಒಂದು ಆಂಪಿಯರಿನ ಲಕ್ಷದ ಒಂದು ಪಾಲು ಅದು.

1971ರಲ್ಲಿ ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನೇಡರ್, ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 1,200 ಜನ ವಿದ್ಯುತ್ ತಗುಲಿ ಸಾಯುತ್ತಿದ್ದಾರೆಂದು ಮಹಿಳಾ ಪತ್ರಿಕೆಯೊಂದರಲ್ಲಿ ಬರೆದರು. ಆ ಲೆಕ್ಕಕ್ಕೆ ಗಟ್ಟಿಯಾದ ಆಧಾರ ಸಿಗಲಿಲ್ಲ. ಆದರೆ ಆಸ್ಪತ್ರೆಗಳು ಬೆಚ್ಚಿದವು. ಅರ್ತಿಂಗ್ ನೋಡಲು, ಸೋರಿಕೆ ಅಳೆಯಲು, ಪ್ರತಿ ಯಂತ್ರಕ್ಕೂ ದಾಖಲೆ ಇಡಲು ತಮ್ಮದೇ ಎಂಜಿನಿಯರು, ಮೆಕ್ಯಾನಿಕ್ಕುಗಳನ್ನು ನೇಮಿಸಿಕೊಂಡವು. ಕೆಟ್ಟ ಮೇಲೆ ಸರಿಪಡಿಸುವುದಷ್ಟೇ ಅಲ್ಲ, ಕೆಡುವ ಮೊದಲೇ ನೋಡುವುದು ಈ ಕೆಲಸದ ಧರ್ಮವಾಯಿತು.

ನಮ್ಮ ಲೆಕ್ಕ

ನಮ್ಮಲ್ಲಿ ಯಂತ್ರ ಕೊಳ್ಳಲು ದುಡ್ಡು ಹೇಗೋ ಹೊಂದುತ್ತದೆ, ಕಾಪಾಡಲು ಹೊಂದುವುದಿಲ್ಲ. ಕೇಂದ್ರ ಸರ್ಕಾರ ವೈದ್ಯಕೀಯ ಉಪಕರಣ ನಿರ್ವಹಣಾ ಕಾರ್ಯಕ್ರಮ ಆರಂಭಿಸಿದ್ದು 2015ರಲ್ಲಿ. ಅದಕ್ಕಾಗಿ 29 ರಾಜ್ಯಗಳಲ್ಲಿ ನಡೆಸಿದ ಗಣತಿಯಲ್ಲಿ 29,115 ಆರೋಗ್ಯ ಕೇಂದ್ರಗಳ 7,56,750 ಉಪಕರಣಗಳು ಲೆಕ್ಕಕ್ಕೆ ಸಿಕ್ಕವು. ಬೆಲೆ ಸುಮಾರು 4,564 ಕೋಟಿ ರೂಪಾಯಿ. ರಾಜ್ಯದಿಂದ ರಾಜ್ಯಕ್ಕೆ ಶೇ 13ರಿಂದ 34ರಷ್ಟು ಉಪಕರಣಗಳು ಕೆಟ್ಟು ನಿಂತಿದ್ದವು. ಜಿಲ್ಲಾ ಆಸ್ಪತ್ರೆಗಳಲ್ಲಿ ಶೇ 95, ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಶೇ 90, ಪ್ರಾಥಮಿಕ ಕೇಂದ್ರಗಳಲ್ಲಿ ಶೇ 80ರಷ್ಟು ಸಮಯ ಯಂತ್ರಗಳು ನಡೆಯುತ್ತಿರಬೇಕೆಂಬ ಗುರಿ ಹಾಕಲಾಯಿತು. ಆದರೂ 2021ರ ಮೇ ತಿಂಗಳಲ್ಲಿ, ಕೊರೊನಾ ಎರಡನೇ ಅಲೆಯ ನಡುವೆ, ಕೆಲವು ರಾಜ್ಯಗಳ ಉಗ್ರಾಣಗಳಲ್ಲಿ ವೆಂಟಿಲೇಟರುಗಳು ಬಳಕೆಯಾಗದೆ ಬಿದ್ದಿವೆಯೆಂಬ ವರದಿಗಳು ಬಂದವು. ಕೇಂದ್ರ ಕೊಟ್ಟ ವೆಂಟಿಲೇಟರುಗಳ ಜೋಡಣೆ, ಬಳಕೆಗಳ ತಪಾಸಣೆಗೆ ಪ್ರಧಾನಿ ಸೂಚಿಸಬೇಕಾಯಿತು.

ಇದಕ್ಕೆ ಪರಿಹಾರ ಅಸಾಧ್ಯವೇನಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಬಡ ದೇಶಗಳ ಆಸ್ಪತ್ರೆಗಳಿಂದ ಬಂದ 2,849 ರಿಪೇರಿ ಕೋರಿಕೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ವರದಿ ಕುತೂಹಲಕರವಾಗಿದೆ. ಕೆಟ್ಟ ಯಂತ್ರಗಳಲ್ಲಿ ಶೇ 66ರಷ್ಟನ್ನು ಕೇವಲ 107 ಮೂಲ ಕೌಶಲಗಳಿಂದ, ವಿದೇಶದ ಬಿಡಿಭಾಗ ತರಿಸದೆ, ಮತ್ತೆ ನಡೆಸಬಹುದೆಂದು ಅವರು ಕಂಡುಕೊಂಡರು. ಪ್ಲಗ್ಗು, ಫ್ಯೂಸು, ಪೈಪು, ಮೋಟಾರು, ಬೆಸುಗೆ ಇಂಥವೇ ಹೆಚ್ಚು. ಐಟಿಐ ಕಲಿತ ಜಾಣ ಹುಡುಗನೋ ಹುಡುಗಿಯೋ ಕಲಿಯಬಹುದಾದ ಕೆಲಸಗಳಿವು.

ರಿಪೇರಿಯ ಕಷ್ಟ ಅರಿತರೆ ಯಂತ್ರವೂ ಬದಲಾಗುತ್ತದೆ. 2000ದ ದಶಕದ ಕೊನೆಯಲ್ಲಿ ಜಿಇ ಕಂಪನಿಯ ಬೆಂಗಳೂರು ಕೇಂದ್ರದ ಎಂಜಿನಿಯರುಗಳು ಹಳ್ಳಿಗಾಡಿನ ವೈದ್ಯರಿಗಾಗಿ ಪುಟ್ಟ ಇಸಿಜಿ ಯಂತ್ರವೊಂದನ್ನು ರೂಪಿಸಿದರು. ದೊಡ್ಡ ಪ್ರಿಂಟರಿನ ಬದಲು ಬಸ್ ಟಿಕೆಟ್ ಯಂತ್ರದಲ್ಲಿ ಬಳಸುವಂಥ ಪುಟ್ಟ ಪ್ರಿಂಟರನ್ನೇ ಅದಕ್ಕೆ ಒಗ್ಗಿಸಿದರು. ಧೂಳು, ಸೆಕೆ, ಕುಲುಕಾಟಗಳಲ್ಲಿ ದಿನವಿಡೀ ದುಡಿದು ಪಳಗಿದ ಪ್ರಿಂಟರ್ ಅದು. ಐಂತೋವನ್‌ರ 270 ಕೆ.ಜಿ. ಯಂತ್ರದ ಕೆಲಸ ಬ್ಯಾಟರಿಯಲ್ಲಿ ನಡೆಯುವ ಒಂದು ಕೈಚೀಲದಷ್ಟಕ್ಕೆ ಇಳಿಯಿತು.

ಆಯುಧಪೂಜೆಯ ದಿನ ನಮ್ಮ ಆಸ್ಪತ್ರೆಗಳಲ್ಲೂ ಯಂತ್ರಗಳಿಗೆ ಅರಿಶಿನ ಕುಂಕುಮ ಹಚ್ಚಿ, ಹೂವು ಮುಡಿಸುತ್ತಾರೆ. ವರ್ಷದ ಉಳಿದ ದಿನಗಳಲ್ಲಿ ಅವುಗಳ ಯೋಗಕ್ಷೇಮ ಜನರೇಟರ್ ಶೆಡ್ಡಿನ ಪಕ್ಕದ ಆ ಕೋಣೆಯದು. ಹೊರಡುವ ಮುಂಚೆ ಅಲ್ಲಿನ ರಿಜಿಸ್ಟರನ್ನು ತಿರುವಿ ನೋಡಿದೆ. ದಿನಾಂಕ, ಯಂತ್ರ, ವಾರ್ಡು, ದೋಷ, ಸರಿಪಡಿಸಿದ ಬಗೆ ಎಂದು ಐದು ಕಾಲಂಗಳಿದ್ದವು. ಆ ಯಂತ್ರದ ಮೇಲೆ ಮಲಗಿದ್ದ ಮಗುವಿನ ಹೆಸರು ಬರೆಯಲು ಕಾಲಂ ಇರಲಿಲ್ಲ. 'ಹೆಸರು ಇನ್ನೂ ಇಟ್ಟಿರಲ್ಲ ಸಾರ್, ಎರಡು ದಿನದ ಕೂಸು' ಎಂದು ಅವರು ನಕ್ಕರು. ಆಮೇಲೆ ಬಿಚ್ಚಿಟ್ಟ ಸಕ್ಷನ್ ಯಂತ್ರದ ಕಡೆ ತಿರುಗಿದರು. ಸಂಜೆಯೊಳಗೆ ಅದು ಆಪರೇಷನ್ ಥಿಯೇಟರಿಗೆ ಹೋಗಬೇಕಿತ್ತು.