‘ಮೂಗ’ ಅನ್ನುವ ಮೊದಲು

ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ಒಂದು ಮನೆ ಅಂದುಕೊಳ್ಳಿ. ಮಗುವಿಗೆ ಮೂರು ವರ್ಷ, ಇನ್ನೂ ‘ಅವ್ವ’ ಅಂದಿಲ್ಲ. ‘ಗಂಡುಹುಡುಗರಿಗೆ ಮಾತು ತಡ ಬಿಡವ್ವ, ಇವರಪ್ಪನೂ ಹಿಂಗೇ ಇದ್ದ’ ಅಂತಾಳೆ ಅಜ್ಜಿ. ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚುತ್ತಾರೆ, ಹರಕೆ ಹೊರುತ್ತಾರೆ. ಐದು ತುಂಬಿದರೂ ಮಾತು ಬರದಿದ್ದರೆ ಊರು ಒಂದು ಹೆಸರಿಡುತ್ತೆ, ಮೂಗ. ಅಲ್ಲಿಗೆ ವಿಚಾರಣೆ ಮುಗೀತು.

ಆ ಒಂದು ಹೆಸರಿನ ಕೆಳಗೆ ಎಷ್ಟು ಥರದ ಮಕ್ಕಳಿದ್ದರು ನೋಡಿ. ಕಿವಿ ಕೇಳಿಸದವನು, ಆಟಿಸಂ ಇರುವವನು, ಬುದ್ಧಿ ಬೆಳವಣಿಗೆ ನಿಧಾನವಾದವನು, ಎಲ್ಲ ಸರಿಯಿದ್ದೂ ಭಾಷೆ ಮಾತ್ರ ಹತ್ತದವನು. ಇವರನ್ನು ಬಿಡಿಸಿ ನೋಡುವ ವಿದ್ಯೆ ನಮ್ಮಲ್ಲಿ ತೀರಾ ಹೊಸದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಶುರುವಾದದ್ದು 1965ರಲ್ಲಿ. ಮಹಾರಾಜರು ಕೊಟ್ಟ ಜಾಗದಲ್ಲಿ 1966ರ ಜುಲೈನಲ್ಲಿ ರಾಷ್ಟ್ರಪತಿ ರಾಧಾಕೃಷ್ಣನ್ ಅಡಿಗಲ್ಲು ಹಾಕಿದರು. ಬಂಡ್ರಿಯಿಂದ ಅಲ್ಲಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ.

ಅಲ್ಲಿ ಮೊದಲು ನೋಡೋದು ನಾಲಿಗೆಯನ್ನಲ್ಲ, ಕಿವಿಯನ್ನ. ನಾನು ಎಂಜಿನಿಯರಿಂಗ್ ಓದಿದವನು, ನನಗೆ ಇದು ತಕ್ಷಣ ಅರ್ಥವಾಯ್ತು: ಸ್ಪೀಕರ್‌ನಲ್ಲಿ ಸದ್ದಿಲ್ಲ ಅಂದರೆ ಮೊದಲು ಮೈಕ್ ನೋಡಬೇಕು. ಆರೋಗ್ಯವಂತ ಒಳಗಿವಿ ಸದ್ದು ಕೇಳಿದಾಗ ತಾನೂ ಒಂದು ಸಣ್ಣ ಸದ್ದು ವಾಪಸ್ ಕಳಿಸುತ್ತೆ. ಅದನ್ನು ಹಿಡಿಯುವ ಓಎಇ ಪರೀಕ್ಷೆಯನ್ನು ಮಲಗಿರುವ ಹಸುಗೂಸಿಗೂ ಮಾಡಬಹುದು. ಕಿವಿ ಸರಿಯಿದ್ದರೆ ಆಮೇಲಿನ ಪ್ರಶ್ನೆಗಳು. ಹೆಸರು ಕರೆದರೆ ತಿರುಗ್ತಾನಾ? ಬೇಕಾದ್ದನ್ನು ಬೆರಳು ಮಾಡಿ ತೋರಿಸ್ತಾನಾ? ಹೇಳಿದ್ದು ತಿಳಿಯುತ್ತಾ?

ಇನ್ನು ಭಾಷೆಯ ಸಮಸ್ಯೆ. ಇಂಗ್ಲಿಷ್ ಪದಗಳ ಪರೀಕ್ಷೆಯಲ್ಲಿ ನಮ್ಮ ‘ಳ’, ‘ಣ’ ಸಿಗೋದೇ ಇಲ್ಲ. ಹಾಗಾಗಿ 1972ರಲ್ಲಿ ಕನ್ನಡಕ್ಕೇ ಉಚ್ಚಾರಣಾ ಪರೀಕ್ಷೆಯೊಂದು ಬಂತು. ಆದರೂ ಎಚ್ಚರ ಬೇಕು. ‘ಹಾಲು’ ಅನ್ನೋದನ್ನ ‘ಆಲು’ ಅಂದರೆ ಅದು ದೋಷವಲ್ಲ, ಊರಿನ ನುಡಿ ಇರಬಹುದು. (ಅಕಾರ ಹಕಾರದ ವಿಷಯದಲ್ಲಿ ನಮ್ಮ ಆಂಕರ್‌ಗಳು ತಿನ್ನುವ ಬೈಗುಳ ನಿಮಗೆ ಗೊತ್ತೇ ಇದೆ!) ಸಂಡೂರು ಸೀಮೆಯ ತಾಂಡಾದಲ್ಲಿ ಮನೆಮಾತು ಲಂಬಾಣಿ. ಆ ಮಗುವನ್ನು ಕನ್ನಡದಲ್ಲಷ್ಟೇ ಕೇಳಿ ‘ಮಾತು ಹಿಂದಿದೆ’ ಅಂತ ಬರೆದರೆ ತಪ್ಪು ಮಗುವಿನದಲ್ಲ.

ಕಾನೂನು ಇನ್ನೂ ನಿಧಾನ. 1995ರ ಅಂಗವಿಕಲರ ಕಾಯ್ದೆಯ ಏಳು ವಿಧಗಳಲ್ಲಿ ಶ್ರವಣದೋಷ ಇತ್ತು. ಆಟಿಸಂ, ಕಲಿಕಾ ನ್ಯೂನತೆ, ವಾಕ್ ಮತ್ತು ಭಾಷಾ ದೋಷ ಇರಲಿಲ್ಲ. 2016ರಲ್ಲಿ ಪಟ್ಟಿ 21ಕ್ಕೆ ಏರಿದಾಗ ಅವು ಸೇರಿದವು. ನಡುವೆ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಅದರ ವೈದ್ಯರ ತಂಡ ಅಂಗನವಾಡಿಗೇ ಬರುತ್ತೆ, ಮಾತು ತಡವಾದ ಮಗುವನ್ನೂ ನೋಡುತ್ತೆ. ಅಂದರೆ ಬಂಡ್ರಿಯ ಆ ತಾಯಿ ಮೊದಲೇ ಮೈಸೂರು ಬಸ್ ಹತ್ತಬೇಕಿಲ್ಲ.

ಹುಟ್ಟುಕಿವುಡು ಮಕ್ಕಳಿಗೆ ಕೇಂದ್ರದ ಎಡಿಪ್ ಯೋಜನೆಯಲ್ಲಿ ಕಾಕ್ಲಿಯರ್ ಇಂಪ್ಲಾಂಟ್ ಕೂಡಾ ಸಿಗುತ್ತೆ. ಅದಕ್ಕಿರುವ ವಯಸ್ಸಿನ ಮಿತಿ 5 ವರ್ಷ. ಅಜ್ಜಿ ಕಾಯೋಣ ಅಂದದ್ದೂ ಅಲ್ಲಿವರೆಗೇ.